ಛಾಯಾಚಿತ್ರದಿಂದ ಬಂಡೆ ಉಳಿಯುವುದಿಲ್ಲ

ಅಮೆರಿಕದ ಕೊಲಂಬಿಯಾ ನದಿಯ ಕಮರಿಯಲ್ಲಿ, ವಾಷಿಂಗ್ಟನ್ ರಾಜ್ಯದ ದಡದ ಮೇಲೆ, 848 ಅಡಿ ಎತ್ತರದ ಒಂಟಿ ಬಂಡೆಯೊಂದಿದೆ. ಹೆಸರು ಬೀಕನ್ ರಾಕ್. ಸುಮಾರು 57,000 ವರ್ಷಗಳ ಹಿಂದಿನ ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಲಾವಾರಸವದು. ಹಿಮಯುಗದ ಕೊನೆಯ ಮಹಾಪ್ರವಾಹಗಳು ಸುತ್ತಲಿನ ಸಡಿಲ ಹೊದಿಕೆಯನ್ನು ಕೊಚ್ಚಿಕೊಂಡು ಹೋದವು. ಗಟ್ಟಿ ತಿರುಳು ಉಳಿಯಿತು. ಇಂದು ಚಾರಣಿಗರು ಮೈಲಿಗೂ ಕಡಿಮೆಯಾದ ಅಂಕುಡೊಂಕಿನ ಹಾದಿಯಲ್ಲಿ ನೆತ್ತಿಗೇರಿ, ಚಿತ್ರ ತೆಗೆದುಕೊಂಡು ಇಳಿಯುತ್ತಾರೆ.

‘ಸೊಬಗನ್ನು ಜನರಿಗೆ ತೋರಿಸಿದರೆ ಸಾಕು, ಅದು ತಾನಾಗಿ ಉಳಿಯುತ್ತದೆ’ ಎನ್ನುವವರು ನಮ್ಮ ಚಾರಣ ಕೂಟಗಳಲ್ಲಿಯೂ ಬಹಳ ಮಂದಿ. ಈ ಮಾತನ್ನು ನಾವು ಒಪ್ಪಲಾರೆವು. ನದೀಮುಖದ ಅಲೆತಡೆಗೆ ಕಲ್ಲು ಬೇಕೆಂದು ಇದೇ ಬಂಡೆಯನ್ನು ಸಿಡಿಸುವ ಯೋಜನೆ ಹುಟ್ಟಿತ್ತು. 1915ರಲ್ಲಿ ಹೆನ್ರಿ ಬಿಡ್ಲ್ ಎಂಬಾತ ಬಂಡೆಯನ್ನು ಕೊಂಡು, 1918ರ ವೇಳೆಗೆ ಹಾದಿ ಕಡಿಸಿದ. (ಕಬ್ಬಿಣದ ಕಂಬಿಗಳಿಗಾಗಿ ಬಂಡೆಯ ಮೈ ಕೊರೆದದ್ದು ಸರಿಯೇ ಎಂದು ಕೇಳಬಹುದು; ಕೇಳಲೇಬೇಕು.) ಅವನ ವಾರಸುದಾರರು ಉದ್ಯಾನವನಕ್ಕೆಂದು ಅದನ್ನು ಕೊಡಲು ಬಂದಾಗ ವಾಷಿಂಗ್ಟನ್ ಸರ್ಕಾರ ಮೊದಲು ಬೇಡವೆಂದಿತು! ಎದುರು ದಡದ ಒರೆಗಾನ್ ರಾಜ್ಯ ಕೈಚಾಚಿದ ಮೇಲೆಯೇ, 1935ರಲ್ಲಿ, ಅದಕ್ಕೆ ಬುದ್ಧಿ ಬಂದದ್ದು. ಬಂಡೆಯನ್ನು ಉಳಿಸಿದ್ದು ಒಡೆತನದ ಕಾಗದ ಮತ್ತು ಹಟ.

ಅದೇ ನದಿಯ ಮೇಲ್ಭಾಗದಲ್ಲಿದ್ದ ಸೆಲಿಲೊ ಜಲಪಾತಕ್ಕೆ ಚಿತ್ರಗಳ ಕೊರತೆಯಿರಲಿಲ್ಲ. ಮರದ ಅಟ್ಟಣಿಗೆಗಳ ಮೇಲೆ ನಿಂತು ಸಾಲ್ಮನ್ ಹಿಡಿಯುತ್ತಿದ್ದ ಮೂಲನಿವಾಸಿಗಳನ್ನು ಎಷ್ಟೋ ಕ್ಯಾಮೆರಾಗಳು ಸೆರೆಹಿಡಿದಿದ್ದವು. ಸಾವಿರಾರು ವರ್ಷಗಳ ಆ ಮೀನುಗಾರಿಕೆಯ ನೆಲೆ 1957ರ ಮಾರ್ಚ್ 10ರಂದು, ಡ್ಯಾಲಸ್ ಅಣೆಕಟ್ಟಿನ ಬಾಗಿಲು ಮುಚ್ಚಿದ ಕೆಲವೇ ಗಂಟೆಗಳಲ್ಲಿ, ನೀರಿನಡಿ ಸೇರಿತು. ಚಿತ್ರಗಳು ಈಗಲೂ ಇವೆ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀಕನ್ ರಾಕ್‌ನ ದಕ್ಷಿಣದ ಕಡಿದಾದ ಮುಖದಲ್ಲಿ ಪೆರಿಗ್ರಿನ್ ಗಿಡುಗಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಹಗ್ಗ ಹಾಕಿ ಏರುವವರಿಗೆ ಆ ಭಾಗ ನಿಷಿದ್ಧ. ಸಾಹಸಿಗಳಿಗೆ ಇದು ಕಿರಿಕಿರಿಯೆನಿಸಬಹುದು. ಎನಿಸಲಿ! ಹಕ್ಕಿಗೆ ಬೇರೆ ಮನೆಯಿಲ್ಲ, ಏರುವವರಿಗೆ ಬೇರೆ ಬಂಡೆಗಳಿವೆ.

ಆದ್ದರಿಂದ ವಿದ್ಯಾರ್ಥಿಮಿತ್ರರೇ, ನಮ್ಮ ಗುಡ್ಡಗಳಿಗೆ ಕ್ಯಾಮೆರಾ ಹಿಡಿದು ಧಾರಾಳವಾಗಿ ಬನ್ನಿ. ಆದರೆ ಗುಡ್ಡದ ಬುಡದಲ್ಲಿ ಕಲ್ಲುಗಣಿಗೆ ಪರವಾನಗಿ ಕೇಳಿದ ಅರ್ಜಿ ಗ್ರಾಮಸಭೆಯ ಮುಂದೆ ಬಂದ ದಿನವೂ ಬನ್ನಿ. ಆ ದಿನ ಹಿಂದಿನ ಸಾಲಿನಲ್ಲಿ ಕೂರುವುದು ಬೇಡ. ಅರ್ಜಿಯ ಪ್ರತಿ ಕೇಳಿ, ಸರ್ವೆ ನಂಬರು ಓದಿ, ಆಕ್ಷೇಪಣೆಯನ್ನು ನಡಾವಳಿಯಲ್ಲಿ ಬರೆಸಿ.