ಅಜ್ಜಿಯ ಟ್ರಂಕು, ನಮ್ಮ ಗೂಗಲ್

ನಮ್ಮ ಹಾಸ್ಟೆಲ್‌ಗಳಲ್ಲಿ ಈಗ ಹಳೇ ವಾಚು, ಹಳೇ ನಾಣ್ಯ, ಹಳೇ ರೇಡಿಯೋಗಳ ಸೀಸನ್. ವೀಕೆಂಡ್ ಬಂದ್ರೆ ಬೈಕ್ ಹತ್ತಿ ತ್ಯಾಮಗೊಂಡ್ಲು, ನಂದಗುಡಿ, ವಿಜಯಪುರದ ಸುತ್ತಲಿನ ಹಳ್ಳಿಗಳಿಗೆ ಹೋಗೋದು, ಟ್ರಂಕಿನ ತಳದಲ್ಲಿ ಬಿದ್ದಿರೋದನ್ನ ಐವತ್ತಕ್ಕೋ ನೂರಕ್ಕೋ ತರೋದು, ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತಾರು ಪಟ್ಟಿಗೆ ಮಾರೋದು. ಇದನ್ನ ‘ಸ್ಟಾರ್ಟಪ್’ ಅಂತ ಕರೆಯೋರೂ ಇದ್ದಾರೆ! ಇದರಲ್ಲಿ ತಪ್ಪೇನು ಅಂತ ಕ್ಲಬ್ಬಿನಲ್ಲಿ ಒಂದು ಸಂಜೆ ಪೂರ್ತಿ ಜಗಳವಾಯ್ತು. ನಮ್ಮಲ್ಲಿ ಹೆಚ್ಚಿನವರು ಬಂದು ನಿಂತ ಜಾಗ ಇದು.

ಮೊದಲು ಕೊಳ್ಳೋರ ಪರವಾದ ಮಾತು. 1872ರ ಇಂಡಿಯನ್ ಕಾಂಟ್ರ್ಯಾಕ್ಟ್ ಆಕ್ಟ್‌ನ 17ನೇ ಸೆಕ್ಷನ್ ಪ್ರಕಾರ ಬಾಯಿ ಮುಚ್ಚಿಕೊಂಡಿದ್ದ ಮಾತ್ರಕ್ಕೆ ಅದು ಮೋಸ ಆಗಲ್ಲ. ಕಾಯ್ದೆಯೇ ಉದಾಹರಣೆ ಕೊಡುತ್ತೆ: ಇಬ್ಬರು ವ್ಯಾಪಾರಿಗಳ ನಡುವೆ ವ್ಯವಹಾರ, ಬೆಲೆ ಬದಲಾದ ಸುದ್ದಿ ಒಬ್ಬನಿಗೆ ಮಾತ್ರ ಗೊತ್ತು, ಅದನ್ನ ಇನ್ನೊಬ್ಬನಿಗೆ ಹೇಳಲೇಬೇಕು ಅಂತಿಲ್ಲ. ಸರಿ. ಆದರೆ ಅಲ್ಲಿರೋದು ‘ವ್ಯಾಪಾರಿಗಳು’ ಅನ್ನೋ ಮಾತು. ಹೇಳೋ ಹೊಣೆ ಇರುವ ಸಂದರ್ಭದಲ್ಲಿ ಸುಮ್ಮನಿದ್ದರೆ ಮಾತು ಬೇರೆ ಅಂತಲೂ ಅದೇ ಸೆಕ್ಷನ್ ಹೇಳುತ್ತೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಟವೆಲ್ ಮುಚ್ಚಿ, ಬೆರಳು ಹಿಡಿದು ರೇಟು ಹೇಳ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ಮುಚ್ಚುಮರೆ ಅಂದ್ರೆ ಇದೇ. ಆದರೂ ಯಾರೂ ಅನ್ಯಾಯ ಅನ್ನಲ್ಲ. ಯಾಕಂದ್ರೆ ಕೊಳ್ಳೋನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಡೆಸಿ ನೋಡ್ತಾನೆ. ಮಾರೋನೂ ಹುಟ್ಟಿದಾಗಿನಿಂದ ದನದ ಜೊತೆ ಇದ್ದವನು. ಇಬ್ಬರೂ ಪಳಗಿದವರು.

ರೇಷ್ಮೆ ಗೂಡಿನ ಕಥೆ ಬೇರೆ. ರೇಟು ತಿಳಿದ ರೀಲರ್ ರೈತನ ಮನೆ ಬಾಗಿಲಿಗೇ ಬಂದು ಕೊಂಡರೆ ಯಾರಿಗೆ ಲಾಭ ಅಂತ ಸರ್ಕಾರಕ್ಕೂ ಗೊತ್ತಿತ್ತು. 1959ರ ಕಾಯ್ದೆ ತಂದು, ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗುವ ವ್ಯವಸ್ಥೆ ಮಾಡಿದ್ರು. ಇನ್ನು ದೇವನಹಳ್ಳಿ ಕಡೆಯವರಿಗಂತೂ ಬಿಡಿಸಿ ಹೇಳಬೇಕಿಲ್ಲ. ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಅದಕ್ಕೂ ಮೊದಲೇ ಸುದ್ದಿ ಗೊತ್ತಿದ್ದವರು ಗೊತ್ತಿಲ್ಲದವರ ಜಮೀನು ಕೊಂಡ ಕಥೆ ಕೇಳದ ಮನೆ ಅಲ್ಲಿ ಕಮ್ಮಿ. ಆ ಕಥೆ ಹೇಳುವಾಗ ಹಲ್ಲು ಕಡಿಯೋ ನಾವೇ, ಟ್ರಂಕಿನ ವಿಷಯಕ್ಕೆ ಬಂದ್ರೆ ‘ಬಿಸಿನೆಸ್ ಗುರು’ ಅಂತೀವಿ.

ವಾಚನ್ನೇ ತಗೊಳ್ಳಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಫ್ಯಾಕ್ಟರಿ ಮುಚ್ಚಿದೆ, ರಿಪೇರಿಗೆ ಸ್ಪೇರ್ ಸಿಗಲ್ಲ, ಆದ್ದರಿಂದ ಅಜ್ಜನ ಜನತಾ ವಾಚಿಗೆ ಬೆಲೆ ಇಲ್ಲ ಅಂದ್ಕೋತಾರೆ ಅಜ್ಜಿ. ಫ್ಯಾಕ್ಟರಿ ಮುಚ್ಚಿದೆ, ಅಲ್ಲಿಂದ ಇನ್ನು ಹೊಸದು ಬರಲ್ಲ, ಆದ್ದರಿಂದಲೇ ಬೆಲೆ ಅಂತ ನಮಗೆ ಗೊತ್ತು.

ಹುಡುಕೋಕೆ ನಾವು ಅಲೆದಿದ್ದೀವಿ, ಮಾಡೆಲ್ ಗುರುತಿಸೋಕೆ ಕಲಿತಿದ್ದೀವಿ, ನಾವು ಹೋಗದಿದ್ರೆ ಅದು ಗುಜರಿ ಪಾಲಾಗ್ತಿತ್ತು ಅಂತ ಒಬ್ಬ ಗೆಳೆಯ ವಾದಿಸಿದ. ಅದು ಗಟ್ಟಿ ವಾದ, ಒಪ್ಪೋಣ. ದುಡಿಮೆಗೆ ಲಾಭ ಬೇಕು. ಆದರೆ ಈ ವಾದ ಕೇಳೋದು ಲಾಭದ ಪಾಲನ್ನ. ಬಾಯಿ ಮುಚ್ಚಿಕೊಂಡಿರೋ ಹಕ್ಕನ್ನಲ್ಲ.

ಫ್ರಾನ್ಸಿನಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿತ್ತು. ವಯಸ್ಸಾದ ದಂಪತಿ 2021ರಲ್ಲಿ ಮನೆ ಖಾಲಿ ಮಾಡುವಾಗ ಆಫ್ರಿಕಾದ ಒಂದು ಮರದ ಮುಖವಾಡವನ್ನ ಹಳೇ ಸಾಮಾನಿನ ವ್ಯಾಪಾರಿಗೆ 150 ಯೂರೋಗೆ ಕೊಟ್ಟರು. ಮರುವರ್ಷ ಹರಾಜಿನಲ್ಲಿ ಅದು ಹೋಗಿದ್ದು 42 ಲಕ್ಷ ಯೂರೋಗೆ! 2023ರಲ್ಲಿ ಅಲೆಸ್ ಊರಿನ ಕೋರ್ಟು ವ್ಯಾಪಾರಿಯ ಪರ ನಿಂತಿತು. ಮಾರುವ ಮೊದಲು ವಿಚಾರಿಸದೇ ಇದ್ದದ್ದು ದಂಪತಿಯದೇ ತಪ್ಪು ಅಂತು. (ಮುಖವಾಡ ನಮ್ಮದು ಅಂತ ಗಬಾನ್ ದೇಶ ಕೇಳಿದ್ದನ್ನೂ ಒಪ್ಪಲಿಲ್ಲ. ಅದು ಇನ್ನೂ ದೊಡ್ಡ ಕಥೆ.) ಆದರೆ ನಂದಗುಡಿ ಹತ್ತಿರದ ಹಳ್ಳಿಯ ಅಜ್ಜಿ ಯಾರನ್ನ ವಿಚಾರಿಸಬೇಕು? ಮುಂದೆ ಕೂತ ನಮ್ಮನ್ನೇ ತಾನೆ? “ಎಷ್ಟಾಗುತ್ತಪ್ಪ ಇದು, ಓದಿದೋರು ನೀವೇ ಹೇಳಿ” ಅಂತಾರೆ. ಆ ಮಾತು ಬಂದ ಕ್ಷಣ ನಾವು ಬರೀ ಗಿರಾಕಿಗಳಲ್ಲ, ಬೆಲೆ ಕಟ್ಟೋ ಜಾಗದಲ್ಲಿ ಕೂತಿದ್ದೀವಿ. ಆಗ “ಏನಿಲ್ಲಜ್ಜಿ, ಬರೀ ಗುಜರಿ ರೇಟು” ಅಂದ್ರೆ ಅದು ಮೌನವಲ್ಲ, ಹಸಿ ಸುಳ್ಳು.

ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳ ಸುದ್ದಿಗಂತೂ ಹೋಗಲೇಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು.

ಉಳಿದದ್ದಕ್ಕೆ ನಾವು ಕೇಳೋದು ಇಷ್ಟೇ. ಫೋನು ತೆಗೆದು, ಅಂಥದ್ದೇ ವಾಚು ಎಷ್ಟಕ್ಕೆ ಹೋಗ್ತಿದೆ ಅಂತ ಅವರಿಗೇ ತೋರಿಸಿ. ರಿಪೇರಿ ಖರ್ಚು, ನಮ್ಮ ಓಡಾಟ, ನಮ್ಮ ಲಾಭ ಇಷ್ಟು ಅಂತ ಹೇಳಿ. ಆಮೇಲೆ ಎಷ್ಟು ಬೇಕಾದ್ರೂ ಚೌಕಾಸಿ ಮಾಡಿ. “ಮಗ ಸಂಜೆ ಬರ್ತಾನೆ, ಕೇಳಿ ಹೇಳ್ತೀನಿ” ಅಂದ್ರೆ ನಂಬರ್ ಕೊಟ್ಟು ಬನ್ನಿ. ಒಂದಷ್ಟು ವಾಚು ಕೈ ತಪ್ಪಿ ಹೋಗುತ್ತೆ, ಹೋಗಲಿ.