ಸ್ತನ ಸಾಂದ್ರತೆ: ವಂಶದ ಪಾಲು, ಬದುಕಿನ ಪಾಲು

ಹೆಣ್ಣಿನ ಸ್ತನದಲ್ಲಿ ಹಾಲು ಉತ್ಪಾದಿಸುವ ಗ್ರಂಥಿಗಳು, ಅವಕ್ಕೆ ಆಧಾರವಾದ ನಾರಿನಂಥ ಅಂಗಾಂಶ ಮತ್ತು ಕೊಬ್ಬು ಇರುತ್ತವೆ. ಮ್ಯಾಮೊಗ್ರಾಂ ಎಂಬ ಕ್ಷ-ಕಿರಣ ಚಿತ್ರದಲ್ಲಿ ಕೊಬ್ಬು ಕಪ್ಪಾಗಿಯೂ ಉಳಿದೆರಡು ಬೆಳ್ಳಗೂ ಕಾಣುವುದರಿಂದ, ಆ ಚಿತ್ರದಲ್ಲಿ ಬಿಳಿಯ ಪಾಲು ಎಷ್ಟು ಎಂಬುದನ್ನೇ ವೈದ್ಯರು ಸ್ತನ ಸಾಂದ್ರತೆ ಎನ್ನುತ್ತಾರೆ. ಗಟ್ಟಿಯೋ ಮೆತ್ತಗೋ ಎಂದು ಮುಟ್ಟಿ ನೋಡಿದರೆ ಅದು ತಿಳಿಯುವಂಥದ್ದಲ್ಲ. 1976ರಲ್ಲಿ ಅಮೆರಿಕದ ವೈದ್ಯ ಜಾನ್ ವುಲ್ಫ್ ಈ ಬಿಳಿಯ ವಿನ್ಯಾಸಕ್ಕೂ ಕ್ಯಾನ್ಸರಿಗೂ ನಂಟಿದೆಯೆಂದು ತೋರಿಸಿದರು. ಅನಂತರದ ಅಧ್ಯಯನಗಳ ಪ್ರಕಾರ, ಮುಕ್ಕಾಲು ಭಾಗಕ್ಕೂ ಹೆಚ್ಚು ಬಿಳಿಯಿರುವ ಮಹಿಳೆಯರಿಗೆ, ಬಿಳಿಯೇ ಇಲ್ಲವೆನ್ನುವಷ್ಟು ಕಡಿಮೆ ಇರುವವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಅಪಾಯವಿದೆ. ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಗಡ್ಡೆಯೂ ಬೆಳ್ಳಗೇ ಕಾಣುವುದರಿಂದ ಬಿಳಿಯೊಳಗೆ ಅದು ಅಡಗಿಬಿಡುತ್ತದೆ. ಕೊಬ್ಬು ಹೆಚ್ಚಿರುವ ಸ್ತನದಲ್ಲಿ ನೂರಕ್ಕೆ 87ರಷ್ಟು ಗಡ್ಡೆಗಳನ್ನು ಗುರುತಿಸಿದ ಮ್ಯಾಮೊಗ್ರಾಂ, ಅತಿ ಸಾಂದ್ರ ಸ್ತನದಲ್ಲಿ 63ರಷ್ಟನ್ನು ಮಾತ್ರ ಗುರುತಿಸಿದ್ದನ್ನು ಅಮೆರಿಕದ ದೊಡ್ಡ ಅಧ್ಯಯನವೊಂದು ದಾಖಲಿಸಿದೆ.

ಈ ಗುಣ ವಂಶದಿಂದ ಬಂದದ್ದೋ, ಬದುಕಿದ ರೀತಿಯಿಂದ ಬಂದದ್ದೋ ಎಂಬ ಪ್ರಶ್ನೆಗೆ 2002ರಲ್ಲಿ ಪ್ರಕಟವಾದ ಅವಳಿ ಸಹೋದರಿಯರ ಅಧ್ಯಯನ ಉತ್ತರ ಹುಡುಕಿತು. ಆಸ್ಟ್ರೇಲಿಯ ಮತ್ತು ಉತ್ತರ ಅಮೆರಿಕದ 951 ಜೋಡಿಗಳನ್ನು ಹೋಲಿಸಿದಾಗ, ಸಾಂದ್ರತೆಯಲ್ಲಿ ಕಂಡುಬಂದ ವ್ಯತ್ಯಾಸದ ಸುಮಾರು ಶೇಕಡ 63ರಷ್ಟಕ್ಕೆ ಆನುವಂಶಿಕತೆ ಕಾರಣವೆಂದು ಲೆಕ್ಕ ಹಾಕಲಾಯಿತು. ಇದನ್ನು ಒಬ್ಬ ಮಹಿಳೆಯ ಸಾಂದ್ರತೆಯಲ್ಲಿ 63 ಪಾಲು ವಂಶದ್ದು, 37 ಪಾಲು ಊಟ ಉಡಿಗೆಯದು ಎಂದು ಓದುವುದು ತಪ್ಪು. ಒಂದೇ ಬಗೆಯ ಜೀವನ ನಡೆಸುವವರ ನಡುವೆ ಅಳೆದರೆ ವಂಶದ ಪಾಲು ದೊಡ್ಡದಾಗಿ ಕಾಣುತ್ತದೆ, ಜೀವನಕ್ರಮ ಬಗೆಬಗೆಯಾಗಿರುವಲ್ಲಿ ಅಳೆದರೆ ಅದೇ ಪಾಲು ಕುಗ್ಗುತ್ತದೆ. ಆ ಸಂಖ್ಯೆ ಅಳೆದ ಸಮುದಾಯದ್ದೇ ಹೊರತು ವ್ಯಕ್ತಿಯದಲ್ಲ.

ಅಮೆರಿಕದಲ್ಲಿ ಹಿಸ್ಪಾನಿಕ್ ಎಂದು ಕರೆಯಲಾಗುವ, ಅಂದರೆ ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ ಮಹಿಳೆಯರ ವಿಷಯದಲ್ಲಿ ಈ ಮಾತು ಚೆನ್ನಾಗಿ ಸ್ಪಷ್ಟವಾಗುತ್ತದೆ. ಅವರ ಮೈಯಲ್ಲಿ ಯುರೋಪಿನ, ಆಫ್ರಿಕದ ಮತ್ತು ಅಮೆರಿಕ ಖಂಡದ ಮೂಲನಿವಾಸಿಗಳ ವಂಶಗಳು ಬೇರೆಬೇರೆ ಪ್ರಮಾಣದಲ್ಲಿ ಬೆರೆತಿವೆ. 2014ರಲ್ಲಿ ಸಂಶೋಧಕಿ ಲಾರಾ ಫೆಹರ್‌ಮನ್ ಮತ್ತು ಸಂಗಡಿಗರು, ಈಸ್ಟ್ರೊಜನ್ ಎಂಬ ಹಾರ್ಮೋನಿನ ಗ್ರಾಹಕದ ಜೀನಿನ ಸಮೀಪ, ಆರನೆಯ ವರ್ಣತಂತುವಿನಲ್ಲಿ, ಮೂಲನಿವಾಸಿಗಳಿಂದ ಬಂದ ಒಂದು ರೂಪಭೇದವನ್ನು ಗುರುತಿಸಿದರು. ಅದು ಇರುವವರಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಕಡಿಮೆ, ಸಾಂದ್ರತೆಯೂ ಕಡಿಮೆ. ಆದರೆ ಅದೇ ಸಮುದಾಯದಲ್ಲಿ ಹೊರದೇಶದಲ್ಲಿ ಹುಟ್ಟಿ ವಲಸೆ ಬಂದವರಿಗಿಂತ ಅಮೆರಿಕದಲ್ಲೇ ಹುಟ್ಟಿ ಬೆಳೆದವರಲ್ಲಿ ಕ್ಯಾನ್ಸರ್ ಹೆಚ್ಚು. ಒಂದೆರಡು ತಲೆಮಾರಿನಲ್ಲಿ ವಂಶ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ.

ಬೆಳಗಾವಿ ಜಿಲ್ಲೆಯ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲೂ ಬದುಕಿನ ಅಂಥ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿತು. ಕರೆಂಟಿನ ಹಿಂದೆ ಗಿರಣಿ ಬಂದು ನಸುಕಿನಲ್ಲಿ ಬೀಸುವ ಕೆಲಸ ಹೆಣ್ಣುಮಕ್ಕಳ ಕೈಬಿಟ್ಟಿತು. ಹಿಡಕಲ್ ಜಲಾಶಯದ ನೀರು ಹರಿದಲ್ಲಿ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಸುತ್ತ ರೊಕ್ಕದ ಬೆಳೆಯ ಬದುಕು ಬೆಳೆಯಿತು. ಎಂಟು ಹತ್ತು ಹೆತ್ತ ಅಜ್ಜಿಯ ಮೊಮ್ಮಗಳು ಇಂದು ಡಿಗ್ರಿ ಮುಗಿಸಿ, ತಡವಾಗಿ ಮದುವೆಯಾಗಿ, ಎರಡಕ್ಕೇ ನಿಲ್ಲಿಸುತ್ತಾಳೆ. ಹೆರಿಗೆಗಳು ಹೆಚ್ಚಿದಷ್ಟೂ, ಮೊದಲ ಹೆರಿಗೆ ಎಳೆ ವಯಸ್ಸಿನಲ್ಲಾದಷ್ಟೂ ಸಾಂದ್ರತೆ ಕಡಿಮೆಯಾಗುತ್ತದೆ ಎಂಬುದನ್ನು ನೆನೆದರೆ, ಅಜ್ಜಿಯ ಜೀನನ್ನೇ ಹೊತ್ತ ಮೊಮ್ಮಗಳ ಚಿತ್ರ ಅಜ್ಜಿಯದಕ್ಕಿಂತ ಬೆಳ್ಳಗಿರುವುದರಲ್ಲಿ ಅಚ್ಚರಿಯಿಲ್ಲ. ಹಾಗೆಂದು ಎಳವೆಯ ಮದುವೆಯನ್ನು ಮರಳಿ ತರಬೇಕೆಂದು ಯಾರೂ ವಾದಿಸಲಾರರು. ಅದು ಕೊಡುವ ಹಾನಿಯ ಪಟ್ಟಿ ಇದಕ್ಕಿಂತ ಬಹಳ ಉದ್ದ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಸೋದರಿಕೆಯ ರೂಢಿಯನ್ನೂ ಈ ಚರ್ಚೆಗೆ ಎಳೆಯುವವರಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷವುಳ್ಳ ಜೀನು ಬಂದಾಗ ಮಾತ್ರ ತಲೆದೋರುವ ಕಾಯಿಲೆಗಳಲ್ಲಿ ಸೋದರಿಕೆ ನಿಜವಾಗಿಯೂ ಅಪಾಯಕಾರಿ. ಸಾಂದ್ರತೆಯನ್ನಾದರೋ ತಲಾ ಅತ್ಯಲ್ಪ ಪ್ರಭಾವದ ಹಲವಾರು ಜೀನುಗಳು ಸೇರಿ ನಿರ್ಧರಿಸುತ್ತವೆ. ಅದಕ್ಕೆ ಸೋದರಿಕೆಯನ್ನು ದೂರುವುದು ಸಲ್ಲದು.

ಜೀವನಶೈಲಿಯನ್ನೇ ದೂರುವುದೂ ಅಷ್ಟು ಸುಲಭವಲ್ಲ. ಒಂದೇ ಮನೆತನದ ಇಬ್ಬರನ್ನು ಊಹಿಸಿಕೊಳ್ಳಬಹುದು: ಹಂಗಾಮಿನಲ್ಲಿ ಕಬ್ಬು ಕಡಿಯಲು ಹೋಗುವ ಸಣಕಲು ಮೈಯವಳೊಬ್ಬಳು, ಪೇಟೆಯ ಮನೆಯಲ್ಲಿ ಕುಳಿತು ಮೈತುಂಬಿಕೊಂಡವಳೊಬ್ಬಳು. ಮೊದಲನೆಯವಳ ಸ್ತನದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಶೇಕಡಾವಾರು ಸಾಂದ್ರತೆ ಹೆಚ್ಚು ಬರುತ್ತದೆ, ಎರಡನೆಯವಳದು ಕಡಿಮೆ. ಆದರೆ ಮುಟ್ಟು ನಿಂತ ಮೇಲೆ ಕೊಬ್ಬೇ ಈಸ್ಟ್ರೊಜನ್ನಿನ ಮೂಲವಾಗುವುದರಿಂದ, ಬೊಜ್ಜು ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ. ಮೈ ಬೆಳೆಸಿ ಸಾಂದ್ರತೆ ಇಳಿಸಿಕೊಂಡವಳು ಗೆದ್ದಂತಲ್ಲ, ದುಡಿದು ಮೈ ಕರಗಿಸಿದವಳು ಸೋತಂತೆಯೂ ಅಲ್ಲ. ಸಾಂದ್ರತೆಯ ಅಂಕಿಯನ್ನು ಒಳ್ಳೆಯ ನಡತೆಯ ಪ್ರಮಾಣಪತ್ರದಂತೆ ಓದುವ ಆರೋಗ್ಯ ಅಂಕಣಗಳು ಇಲ್ಲಿಯೇ ಎಡವುತ್ತವೆ.

ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಪ್ರತಿ ಮ್ಯಾಮೊಗ್ರಾಂ ಕೇಂದ್ರವೂ ಮಹಿಳೆಗೆ ಆಕೆಯ ಸಾಂದ್ರತೆಯನ್ನು ತಿಳಿಸಲೇಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದೇ ಕ್ರಮ ಇಲ್ಲಿಗೂ ಬೇಕೆನ್ನುವವರು ಮೊದಲು ಗಮನಿಸಬೇಕಾದದ್ದು ವಯಸ್ಸನ್ನು. ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಆ ವಯಸ್ಸಿನಲ್ಲಿ ಸಾಂದ್ರತೆ ಸಹಜವಾಗಿಯೇ ಹೆಚ್ಚಿರುತ್ತದೆ; ಯಂತ್ರಕ್ಕೆ ಮಬ್ಬಾಗಿ ಕಾಣುವ ವಯಸ್ಸೇ ಇಲ್ಲಿ ಕಾಯಿಲೆಯ ವಯಸ್ಸು. ಕೈಯಿಂದ ಮಾಡುವ ಪರೀಕ್ಷೆಗೆ ಬೆಲೆ ಬರುವುದು ಈ ಕಾರಣಕ್ಕೇ. ಮುಂಬೈನಲ್ಲಿ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಆರಂಭಿಸಿ, 1,51,538 ಮಹಿಳೆಯರನ್ನು ಒಳಗೊಂಡು ಇಪ್ಪತ್ತು ವರ್ಷ ನಡೆಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷಿಸಿದ್ದರಿಂದ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ತಗ್ಗಿತು. ಐವತ್ತರ ಒಳಗಿನವರಲ್ಲಿ ಸಾವು ತಗ್ಗಲಿಲ್ಲವಾದರೂ ಕಾಯಿಲೆ ಬೇಗ ಪತ್ತೆಯಾಯಿತು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65ರ ವಯೋಮಾನದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ವಿಧಿಸಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿಸಿಕೊಳ್ಳುವ ಪತ್ರದಲ್ಲಿ ಎದೆಯ ಗಂಟು, ರಕ್ತ ಬೆರೆತ ಸ್ರಾವ, ಆಕಾರದ ಬದಲಾವಣೆಯ ಪ್ರಶ್ನೆಗಳೂ ಇವೆ. ನಾಚಿಕೆಯಿಂದ ಅಲ್ಲಿ ಇಲ್ಲವೆಂದು ಬರೆಸುವುದು ಬೇಡ. ಕೈಗೆ ಗಂಟು ಸಿಕ್ಕವರು, ಮ್ಯಾಮೊಗ್ರಾಂ ವರದಿಯಲ್ಲಿ ಏನೂ ಇಲ್ಲವೆಂದಿದ್ದರೂ ಸುಮ್ಮನಾಗದೆ, ಸ್ಕ್ಯಾನಿಂಗನ್ನೂ ವೈದ್ಯರು ಹೇಳಿದರೆ ಸೂಜಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.