ಕಡ್ಡಿ ಕಚ್ಚಿ ಮಲಗುವ ಜೇನು
ತುಳಸಿ ಹೂವಿಗೆ ಬರುವ ನೀಲಿಪಟ್ಟೆ ಜೇನು ಹಗಲಲ್ಲಿ ಕ್ಯಾಮೆರಾಕ್ಕೆ ಸಿಗುವುದೇ ಕಷ್ಟ. ಫೋಕಸ್ ಆಗುವಷ್ಟರಲ್ಲಿ ಮುಂದಿನ ತೆನೆಗೆ ಹಾರಿರುತ್ತದೆ. ಆದರೆ ಕತ್ತಲಾಗುತ್ತಲೇ ಇದರ ಗಂಡುಗಳು ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಹಾಗೆಯೇ ನಿದ್ದೆಹೋಗುತ್ತವೆ. ಮ್ಯಾಕ್ರೋ ಛಾಯಾಗ್ರಹಣ ಕಲಿಯುವವರು ಬೆಳಗ್ಗೆ ಬಿಸಿಲೇರುವ ಮುನ್ನ ಹೋಗಬೇಕು. ಮೈ ಬೆಚ್ಚಗಾಗದ ಕೀಟ ಅಷ್ಟು ಬೇಗ ಹಾರುವುದಿಲ್ಲ. ಕೀಟವನ್ನು ಫ್ರಿಜ್‌ನಲ್ಲಿಟ್ಟು ಜಡಗೊಳಿಸುವ ಚಾಳಿಯಂತೂ ಅಕ್ಷಮ್ಯ. ದುಬಾರಿ ಲೆನ್ಸ್‌ಗೆ ಅವಸರವಿಲ್ಲ, ಹಳೆಯ 50 ಮಿ.ಮೀ. ಲೆನ್ಸನ್ನು ರಿವರ್ಸಿಂಗ್ ರಿಂಗ್ ಹಾಕಿ ತಿರುಗಿಸಿ ಕೂಡಿಸಿದರೂ ಜೇನಿನ ಕಣ್ಣು ದೊಡ್ಡದಾಗಿ ಕಾಣುತ್ತದೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿ.ಮೀ. ಮಾತ್ರ. ಅಪರ್ಚರ್ ಎಫ್/8ರಿಂದ ಎಫ್/11ರ ನಡುವೆ ಇಟ್ಟು, ಫೋಕಸ್ ರಿಂಗ್ ಮುಟ್ಟದೆ, ಕಣ್ಣು ನಿಚ್ಚಳವಾಗುವವರೆಗೆ ಮೈಯನ್ನೇ ತುಸು ಹಿಂದೆಮುಂದೆ ವಾಲಿಸಿ ಕ್ಲಿಕ್ಕಿಸಬೇಕು.